ಕಡಲಿನ ವಿಮಾನಗಳು: ಕೆಲವು ಪ್ರಶ್ನೆ, ಕೆಲವು ಉತ್ತರ

ಹಾರಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ನಮ್ಮ ಪುರಾಣಗಳಲ್ಲಿ ಪುಷ್ಪಕವಿಮಾನವಿದೆ, ಗರುಡನಿದ್ದಾನೆ. ಒಂದೇ ನೆಗೆತಕ್ಕೆ ಸಮುದ್ರವನ್ನು ದಾಟಿದ ಹನುಮಂತನಂತೂ ಇದ್ದೇ ಇದ್ದಾನೆ. ಈ ಹನುಮಂತನ ಕಥೆಯಲ್ಲಿ ಒಂದು ಚಿಕ್ಕ ಪ್ರಸಂಗವುಂಟು. ನಮ್ಮ ಕಡೆಯ ತಾಳಮದ್ದಳೆಗಳಲ್ಲಿ ಅದಕ್ಕೆ ಹೆಚ್ಚು ಹೊತ್ತು ಸಿಗುವುದಿಲ್ಲ. ಹನುಮಂತ ನಡುಗಡಲಿಗೆ ಬಂದಾಗ ಮೈನಾಕವೆಂಬ ಪರ್ವತ ನೀರಿನೊಳಗಿಂದ ಮೇಲೆದ್ದು, ತನ್ನ ಮೇಲೆ ಇಳಿದು ದಣಿವಾರಿಸಿಕೊಂಡು ಹೋಗಬೇಕೆಂದು ಬೇಡುತ್ತದೆ. ಅವನು ಅದನ್ನು ಕೈಯಿಂದ ಮುಟ್ಟಿ, ನಿಲ್ಲದೆ ಮುಂದೆ ಹಾರುತ್ತಾನೆ. ಹಾರುವವನಿಗಾಗಿ ಕಡಲ ನಡುವೆ ಒಂದಿಷ್ಟು ನೆಲ ಎದ್ದು ಬರುವುದು ಎಂಥ ಚೆಲುವಾದ ಕಲ್ಪನೆ! ಇಂದು ಆ ಮೈನಾಕಕ್ಕೆ ವಿಮಾನವಾಹಕ ನೌಕೆ ಎಂದು ಹೆಸರು. ಅದು ಎದ್ದ ಕಡೆಯಲ್ಲೇ ನಿಲ್ಲುವುದಿಲ್ಲ, ಓಡಾಡುತ್ತದೆ ಎಂಬುದೊಂದೇ ವ್ಯತ್ಯಾಸ.

ಇಂಥ ವಿಷಯವನ್ನು ಕುರಿತು ಬರೆಯಲು ಬಿ.ಎ. ಓದುವವನಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನನ್ನ ವಿಷಯಗಳು ಇತಿಹಾಸ ಮತ್ತು ಅರ್ಥಶಾಸ್ತ್ರ. ನಾನು ಹತ್ತಿರದಿಂದ ಕಂಡ ಏಕೈಕ ದೊಡ್ಡ ವಿಮಾನವೆಂದರೆ ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಟುಪೊಲೆವ್-142. ಎರಡು ರೆಕ್ಕೆಗಳ ತುದಿಯಿಂದ ತುದಿಗೆ ಅದರ ಅಗಲ 50 ಮೀಟರು. ನಾಲ್ಕು ಎಂಜಿನ್ನುಗಳಿಗೆ ಎಂಟು ಪಂಖಗಳು. 1988ರಲ್ಲಿ ನಮ್ಮ ನೌಕಾದಳವನ್ನು ಸೇರಿ, 2017ರ ಮಾರ್ಚಿಯಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತವಾದ ಜಾತಿಯ ವಿಮಾನವದು. ಸಮುದ್ರದ ಮೇಲೆ ಸಾವಿರಾರು ಮೈಲಿ ಹಾರಿ ಜಲಾಂತರ್ಗಾಮಿಗಳನ್ನು ಹುಡುಕುವುದು ಅದರ ಕಸುಬಾಗಿತ್ತು. ಈಗ ಅದರ ನೆರಳಿನಲ್ಲಿ ಮಕ್ಕಳು ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದನ್ನು ನೋಡಿ ಬಂದ ದಿನದಿಂದ ನನಗೆ ಪ್ರಶ್ನೆಗಳ ಕಾಟ ಹತ್ತಿತು.

ಪ್ರಶ್ನೆ ಹುಟ್ಟುವುದು ಸುಲಭ. ಅದನ್ನು ಯಾರ ಮುಂದೆ ಇಡುವುದೆಂಬುದೇ ಕಷ್ಟ. ನಮ್ಮ ತಂದೆ ಮೀನುಗಾರಿಕೆಯ ಬೋಟಿಗೆ ಹೋಗುವವರು. ತಾಯಿ ನಾಲ್ಕನೆಯ ಇಯತ್ತೆಯ ತನಕ ಓದಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಸಹಪಾಠಿಗಳಲ್ಲಿ ಕೆಲವರ ಮನೆಯಲ್ಲಿ ಊಟಕ್ಕೆ ಕುಳಿತಾಗಲೇ ಪರೀಕ್ಷೆ, ಅರ್ಜಿ, ಉದ್ಯೋಗಗಳ ಮಾತು ಬರುತ್ತದಂತೆ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬರುವುದು ಗಾಳಿ, ಮೀನಿನ ದರ, ಡೀಸೆಲ್ಲಿನ ದರ. ಇದು ದೂರಲ್ಲ, ಇದ್ದುದನ್ನು ಇದ್ದಂತೆ ಹೇಳಿದೆ. ಕಡಲಿನ ಸಂಗತಿ ಕೇಳಿದರೆ ತಂದೆಯವರು ರಾತ್ರಿಯಿಡೀ ಹೇಳಬಲ್ಲರು. ಕಾಲೇಜಿನ ಸಂಗತಿ ಕೇಳಿದರೆ, "ನಿಮ್ಮ ಮಾಸ್ತರರ ಹತ್ತಿರ ಕೇಳು" ಎನ್ನುತ್ತಾರೆ.

ಪುಣ್ಯಕ್ಕೆ ನನಗೊಬ್ಬ ಸೋದರಮಾವ ಇದ್ದಾರೆ. ಚಿಕ್ಕ ವಯಸ್ಸಿನಲ್ಲೇ ನೌಕಾದಳಕ್ಕೆ ಸೇರಿ ವಿಮಾನಗಳ ಮೆಕ್ಯಾನಿಕ್ ಆದವರು. ಬಹಳ ವರ್ಷ ವಿರಾಟ್ ಹಡಗಿನಲ್ಲಿ ಸೀ ಹ್ಯಾರಿಯರ್ ವಿಮಾನಗಳ ಸೇವೆ ಮಾಡಿ, ಕೊನೆಯ ದಿನಗಳನ್ನು ಗೋವೆಯ ಹಂಸ ನೆಲೆಯಲ್ಲಿ ಕಳೆದು ಊರಿಗೆ ಮರಳಿದ್ದಾರೆ. ಈಗ ಬಂದರಿನ ಪಕ್ಕದಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ಚಿಕ್ಕ ಅಂಗಡಿ ಇಟ್ಟಿದ್ದಾರೆ. ಕಳೆದ ಮಳೆಗಾಲದಲ್ಲಿ, ಬೋಟುಗಳೆಲ್ಲ ದಡದಲ್ಲಿದ್ದು ಮಾವನಿಗೂ ಬಿಡುವಿದ್ದಾಗ, ಕೆಲವು ಭಾನುವಾರ ಅವರ ಅಂಗಡಿಯ ಮಣೆಯ ಮೇಲೆ ಕುಳಿತು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿದೆ. ಉತ್ತರಗಳನ್ನು ಒಂದು ವಹಿಯಲ್ಲಿ ಬರೆದುಕೊಂಡು, ಇಸವಿ ಹೆಸರುಗಳನ್ನು ನಮ್ಮ ವಾಚನಾಲಯದಲ್ಲಿ ತಾಳೆ ನೋಡಿದೆ. ಆ ವಹಿಯೇ ಈ ಲೇಖನಕ್ಕೆ ಆಧಾರ.

ನನ್ನ ಮೊದಲನೆಯ ಪ್ರಶ್ನೆ ಎಲ್ಲರೂ ಕೇಳುವಂಥದೇ. "ಮಾವ, ವಾಯುದಳ ಇರುವಾಗ ನೌಕಾದಳಕ್ಕೆ ಬೇರೆ ವಿಮಾನ ಯಾಕೆ?"

ಮಾವ ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದರು: "ತಮಾ, ನೆಲದಿಂದ ಎದ್ದ ವಿಮಾನಕ್ಕೆ ಅದರ ನೆಲ ಬಿಟ್ಟ ಜಾಗದಲ್ಲೇ ಇರ್ತದೆ. ಹಡಗಿನಿಂದ ಎದ್ದದ್ದಕ್ಕೆ ಹಾಗಲ್ಲ. ಅದು ತಿರುಗಿ ಬರುವಷ್ಟರಲ್ಲಿ ಹಡಗು ಹತ್ತಿಪ್ಪತ್ತು ಮೈಲಿ ಆಚೆ ಹೋಗಿರ್ತದೆ. ಅದನ್ನು ಹುಡುಕಿ, ಓಡುವ ಹಡಗಿನ ಮೇಲೆ, ಅಲೆಗೆ ಏರಿಳಿಯುವ ತಗಡಿನ ಮೇಲೆ ಇಳಿಯಬೇಕು. ಅದಕ್ಕೆ ಬೇರೆ ವಿಮಾನ, ಬೇರೆ ಮನುಷ್ಯರು, ಬೇರೆ ಅಭ್ಯಾಸ."

ನಮ್ಮ ನೌಕಾದಳದ ವೈಮಾನಿಕ ಶಾಖೆಯ ಇತಿಹಾಸ ಇಲ್ಲಿ ಎರಡು ಮಾತಿಗೆ ಅರ್ಹವಾಗಿದೆ. 1953ರ ಮೇ 11ರಂದು ಕೊಚ್ಚಿಯಲ್ಲಿ ಗರುಡ ಎಂಬ ನೆಲೆ ಸ್ಥಾಪನೆಯಾಯಿತು. 1961ರ ಮಾರ್ಚಿ 4ರಂದು ಬೆಲ್‌ಫಾಸ್ಟಿನಲ್ಲಿ ನಮ್ಮ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ ಸೇವೆಗೆ ಸೇರಿತು. 1971ರ ಯುದ್ಧದಲ್ಲಿ ಅದರ ಒಂದು ಬಾಯ್ಲರು ಬಿರುಕು ಬಿಟ್ಟು ವೇಗ ಕುಗ್ಗಿತ್ತು. ಆದರೂ ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಹಾರಿ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂವ್‌ಗಳ ಮೇಲೆ ದಾಳಿ ಮಾಡಿದವು. 1987ರಲ್ಲಿ ವಿರಾಟ್ ಬಂದಿತು, 2017ರಲ್ಲಿ ನಿವೃತ್ತವಾಯಿತು. 2013ರಲ್ಲಿ ರಷ್ಯಾದಿಂದ ವಿಕ್ರಮಾದಿತ್ಯ ಬಂದಿತು. 2022ರ ಸೆಪ್ಟೆಂಬರ್ 2ರಂದು ಹಳೆಯ ಹೆಸರನ್ನೇ ಹೊತ್ತ ಹೊಸ ವಿಕ್ರಾಂತ ಸೇವೆಗೆ ಸೇರಿತು. ಅದು ಕೊಚ್ಚಿಯ ಹಡಗುಕಟ್ಟೆಯಲ್ಲಿ ನಮ್ಮವರೇ ಕಟ್ಟಿದ್ದು: 262 ಮೀಟರು ಉದ್ದ, ಎರಡು ಸಾವಿರಕ್ಕೂ ಹೆಚ್ಚು ಕೋಣೆಗಳು, ಸುಮಾರು 1,600 ಜನ. ನಮ್ಮ ತಾಲ್ಲೂಕಿನ ಎಷ್ಟೋ ಊರುಗಳಿಗಿಂತ ಅದು ದೊಡ್ಡ ಊರು.

ಎರಡನೆಯ ಪ್ರಶ್ನೆ: ಇಷ್ಟು ಗಿಡ್ಡ ದಾರಿಯಲ್ಲಿ ಓಡಿ ವಿಮಾನ ಹೇಗೆ ಏರುತ್ತದೆ? ಬೆಂಗಳೂರಿನಂಥ ವಿಮಾನ ನಿಲ್ದಾಣದಲ್ಲಿ ಓಡುವ ದಾರಿ ಮೈಲಿಗಟ್ಟಲೆ ಇರುತ್ತದೆ; ಹಡಗಿನ ಮೇಲೆ ಸಿಗುವುದು ಇನ್ನೂರು ಮೀಟರಿನ ಆಸುಪಾಸು. ಇದಕ್ಕೆ ಉಪಾಯ ಮೂರು. ಒಂದು, ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸಿ ವೇಗವಾಗಿ ಓಡಿಸುವುದು. ವಿಕ್ರಾಂತದ ಗರಿಷ್ಠ ವೇಗ 28 ನಾಟು, ಅಂದರೆ ಗಂಟೆಗೆ ಸುಮಾರು 52 ಕಿಲೋಮೀಟರು. ಹಡಗಿನ ವೇಗ, ಎದುರುಗಾಳಿಯ ವೇಗ ಎರಡೂ ಸೇರಿ, ವಿಮಾನ ಇನ್ನೂ ನಿಂತಲ್ಲೇ ಇರುವಾಗಲೇ ರೆಕ್ಕೆಗೆ ಅಷ್ಟು ಗಾಳಿ ಸಿಕ್ಕಿಬಿಡುತ್ತದೆ. ಗಾಳಿಪಟವನ್ನು ಗಾಳಿಗೆ ಎದುರಾಗಿ ಓಡಿ ಏರಿಸುವ ಹುಡುಗರಿಗೆ ಈ ತತ್ತ್ವ ತಿಳಿದೇ ಇದೆ. ಎರಡನೆಯದು ಕೆಟಪಲ್ಟ್ ಎಂಬ ಯಂತ್ರ. ಕವಣೆಯಲ್ಲಿ ಕಲ್ಲು ಬೀಸಿದ ಹಾಗೆ ಅದು ವಿಮಾನವನ್ನು ಎಸೆಯುತ್ತದೆ. ಹಳೆಯ ವಿಕ್ರಾಂತದಲ್ಲಿ ಅದಿತ್ತು. ಮೂರನೆಯದು ಹಡಗಿನ ಮೂತಿಯನ್ನು ಮೇಲಕ್ಕೆ ಬಾಗಿಸಿ ಕಟ್ಟುವುದು. ಈಗಿನ ವಿಕ್ರಾಂತದಲ್ಲಿಯೂ ವಿಕ್ರಮಾದಿತ್ಯದಲ್ಲಿಯೂ ಇರುವುದು ಇದೇ. ಓಡಿ ಬಂದ ವಿಮಾನ ಆ ಇಳಿಜಾರನ್ನು ಏರಿ ಆಕಾಶಕ್ಕೆ ಮುಖಮಾಡಿ ಚಿಮ್ಮುತ್ತದೆ. ಚಿಮ್ಮಿದ ಮೇಲೆ ಪೂರ್ತಿ ಹಾರಾಟದ ವೇಗ ಪಡೆಯಲು ಅದಕ್ಕೆ ಕೆಲವು ಕ್ಷಣ ಹೆಚ್ಚು ಸಿಗುತ್ತದೆ.

"ಹಾಗಾದರೆ ಏರುವುದೇ ಕಷ್ಟ ಅಲ್ಲವೆ ಮಾವ?" ಎಂದೆ.

"ಏರೋದು ಕಷ್ಟವಲ್ಲ ತಮಾ. ಇಳಿಯೋದು ಕಷ್ಟ" ಎಂದರು.

ಈ ಮಾತನ್ನು ಮನೆಯಲ್ಲಿ ಹೇಳಿದಾಗ ತಂದೆಯವರು ಒಡನೆಯೇ ತಲೆಯಾಡಿಸಿದರು. ಬೋಟಿನವರಿಗೂ ಹೊರಗೆ ಹೋಗುವುದಕ್ಕಿಂತ ಒಳಗೆ ಬರುವುದೇ ಕಷ್ಟವಂತೆ. ಅಳಿವೆಯ ಬಾಯಿಯಲ್ಲಿ ಮರಳಿನ ದಿಬ್ಬ ವರ್ಷ ವರ್ಷವೂ ಜಾಗ ಬದಲಿಸುತ್ತದೆ. ಹೊರಗಿನ ತೆರೆ ಹಿಂದಿನಿಂದ ನೂಕುತ್ತದೆ. ದಣಿದು, ಮೀನು ತುಂಬಿ, ಭಾರವಾಗಿ ಬರುವಾಗಲೇ ಬೋಟು ಮಗುಚುವುದು. ವಿಮಾನವನ್ನು ಹತ್ತಿರ ಹೋಗಿ ಮುಟ್ಟದ ನಮ್ಮ ತಂದೆಗೆ ಅದು ಇಳಿಯುವ ಕಷ್ಟ ನನಗಿಂತ ಮೊದಲು ತಿಳಿಯಿತು.

ಇಳಿಯುವ ವಿದ್ಯೆಗೆ ಇತಿಹಾಸವೂ ಉಂಟು. 1911ರ ಜನವರಿ 18ರಂದು ಯೂಜೀನ್ ಈಲಿ ಎಂಬ ಅಮೆರಿಕದ ವೈಮಾನಿಕ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಪೆನ್ಸಿಲ್ವೇನಿಯಾ ಎಂಬ ಯುದ್ಧನೌಕೆಯ ಮೇಲೆ ಮೊಟ್ಟಮೊದಲು ಇಳಿದ. ಮರದ ಅಟ್ಟದ ಮೇಲೆ ಅಡ್ಡಡ್ಡಲಾಗಿ ಹಗ್ಗಗಳನ್ನು ಎಳೆದು, ಎರಡು ತುದಿಗೂ ಮರಳಿನ ಚೀಲ ಕಟ್ಟಿದ್ದರು. ವಿಮಾನದ ಕೆಳಗಿನ ಕೊಕ್ಕೆಗಳು ಹಗ್ಗಕ್ಕೆ ಸಿಕ್ಕಿ, ಚೀಲಗಳು ದರದರ ಎಳೆದು ಬಂದು ವಿಮಾನ ನಿಂತಿತು. ಓಡುತ್ತಿದ್ದ ಹಡಗಿನ ಮೇಲೆ ಮೊದಲು ಇಳಿದವನು ಬ್ರಿಟನ್ನಿನ ಎಡ್ವಿನ್ ಡನ್ನಿಂಗ್. 1917ರ ಆಗಸ್ಟ್ 2ರಂದು, ಫ್ಯೂರಿಯಸ್ ಎಂಬ ಹಡಗಿನ ಮೇಲೆ. ಆಗ ತಂತಿಯೂ ಇಲ್ಲ, ಕೊಕ್ಕೆಯೂ ಇಲ್ಲ. ವಿಮಾನ ಡೆಕ್ಕಿನ ಮೇಲೆ ತೇಲುತ್ತ ಬಂದಾಗ ಅವನ ಸಹೋದ್ಯೋಗಿಗಳು ಓಡಿಹೋಗಿ ಅದಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಕೈಯಿಂದಲೇ ಹಿಡಿದು ಕೆಳಗೆಳೆದರು. ಐದು ದಿನಗಳ ತರುವಾಯ ಮತ್ತೆ ಇಳಿಯಲು ಹೋಗಿ, ವಿಮಾನ ಪಕ್ಕಕ್ಕುರುಳಿ ಸಮುದ್ರಕ್ಕೆ ಬಿದ್ದು ಅವನು ತೀರಿಕೊಂಡ. ಇಂದಿನ ಯಾವ ಯಂತ್ರವೂ ಇಂಥವರ ಸಾವಿನ ಲೆಕ್ಕ ಬಿಟ್ಟು ಹುಟ್ಟಿದ್ದಲ್ಲ.

ಇಂದು ಮರಳಿನ ಚೀಲದ ಜಾಗದಲ್ಲಿ ಉಕ್ಕಿನ ತಂತಿಗಳಿವೆ. ನಮ್ಮ ಎರಡೂ ಹಡಗುಗಳಲ್ಲಿ ಮೂರು ಮೂರು ತಂತಿ. ಗಂಟೆಗೆ ಸುಮಾರು 240 ಕಿಲೋಮೀಟರು ವೇಗದಲ್ಲಿ ಬರುವ ವಿಮಾನ ತನ್ನ ಬಾಲದ ಕೊಕ್ಕೆಯನ್ನು ಇಳಿಬಿಟ್ಟು ಅವುಗಳಲ್ಲಿ ಒಂದನ್ನು ಹಿಡಿಯಬೇಕು. ಹಿಡಿದರೆ ಎರಡು ಮೂರು ಸೆಕೆಂಡಿನಲ್ಲಿ, ನೂರು ಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ನಮ್ಮ ಬಸ್ಸಿನವರು ಬ್ರೇಕು ಹಾಕಿದರೆ ನಾವೆಲ್ಲ ಮುಂದಿನ ಸೀಟಿಗೆ ಮುಖ ಕೊಡುತ್ತೇವೆ; ಆ ವೈಮಾನಿಕನ ಪಾಡನ್ನು ಊಹಿಸಿಕೊಳ್ಳಬಹುದು.

ಮಾವನವರಿಗೆ ಮಾತ್ರ ತಂತಿಯ ವಿಮಾನಗಳಿಗಿಂತ ತಮ್ಮ ಸೀ ಹ್ಯಾರಿಯರ್ ಮೇಲೆಯೇ ಪ್ರೀತಿ. ಅದಕ್ಕೆ ತಂತಿ ಬೇಕಿರಲಿಲ್ಲ. ಎಂಜಿನ್ನಿನ ಉಸಿರನ್ನು ಕೆಳಮುಖವಾಗಿ ತಿರುಗಿಸಿಕೊಂಡು, ಹಡಗಿನ ಪಕ್ಕದಲ್ಲಿ ಗಾಳಿಯಲ್ಲೇ ನಿಂತು, ಮೆಲ್ಲನೆ ಅಡ್ಡಕ್ಕೆ ಸರಿದು, ನೆಟ್ಟಗೆ ಇಳಿಯುತ್ತಿತ್ತು. 1983ರಲ್ಲಿ ಬಂದ ಆ ವಿಮಾನಗಳು 2016ರ ಮೇ 11ರಂದು ಗೋವೆಯಲ್ಲಿ ಸೇವೆಯಿಂದ ಬೀಳ್ಕೊಂಡವು. ಅವುಗಳ ಮಾತು ಬಂದಾಗ ಮಾವನವರು ಮನೆಯಿಂದ ಹೋದ ಎತ್ತಿನ ಮಾತಾಡಿದ ಹಾಗೆ ಆಡುತ್ತಾರೆ: ಯಾವುದಕ್ಕೆ ಎಲ್ಲಿ ಎಣ್ಣೆ ಸೋರುತ್ತಿತ್ತು, ಯಾವುದು ಚಳಿಯಲ್ಲಿ ಹಟ ಮಾಡುತ್ತಿತ್ತು ಎಂದು.

ನನ್ನನ್ನು ಅತ್ಯಂತ ಬೆರಗುಗೊಳಿಸಿದ ಉತ್ತರ ಇನ್ನೊಂದು. "ಕೊಕ್ಕೆಗೆ ಮೂರು ತಂತಿಯೂ ತಪ್ಪಿದರೆ?" ಎಂದು ಕೇಳಿದೆ. ಮಾವ ನಕ್ಕರು. ಡೆಕ್ಕಿಗೆ ಚಕ್ರ ತಾಗಿದ ಕ್ಷಣವೇ ವೈಮಾನಿಕ ಎಂಜಿನ್ನನ್ನು ಆರಿಸುವುದಿಲ್ಲವಂತೆ, ಇಳಿಸುವುದೂ ಇಲ್ಲವಂತೆ. ಪೂರ್ತಿ ಜೋರು ಮಾಡುತ್ತಾನಂತೆ! ತಂತಿ ಸಿಕ್ಕಿದ್ದರೆ ಅದು ಆ ಜೋರನ್ನೂ ತಡೆದು ನಿಲ್ಲಿಸುತ್ತದೆ. ಸಿಕ್ಕದಿದ್ದರೆ ವಿಮಾನ ಡೆಕ್ಕನ್ನು ಮುಟ್ಟಿದಂತೆ ಮಾಡಿ ಮತ್ತೆ ಹಾರಿಹೋಗುತ್ತದೆ. ಒಂದು ಸುತ್ತು ಬಂದು ಮರಳಿ ಯತ್ನಿಸುತ್ತದೆ. ನಮ್ಮ ಹನುಮಂತ ಮೈನಾಕವನ್ನು ಮುಟ್ಟಿ ಮುಂದೆ ಹೋದ ಹಾಗೆಯೇ. ಇದು ಸಾಧ್ಯವಾದದ್ದು ಇಳಿಯುವ ದಾರಿಯನ್ನು ಹಡಗಿನ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ ಇಟ್ಟದ್ದರಿಂದ. ಮೊದಲು ದಾರಿ ನೇರವಿದ್ದಾಗ, ತಂತಿ ತಪ್ಪಿದ ವಿಮಾನ ಮುಂದೆ ನಿಲ್ಲಿಸಿದ್ದ ವಿಮಾನಗಳ ಗುಂಪಿಗೆ ನುಗ್ಗುವ ಭಯವಿತ್ತು. ಓರೆಯ ದಾರಿಯ ಯೋಚನೆ 1951ರಲ್ಲಿ ಡೆನ್ನಿಸ್ ಕ್ಯಾಂಬೆಲ್ ಎಂಬ ಬ್ರಿಟಿಷ್ ನೌಕಾಧಿಕಾರಿಗೆ ಹೊಳೆದದ್ದು. ಕೆಲವೇ ಡಿಗ್ರಿ ಓರೆ ಮಾಡಿದ್ದರಿಂದ ಎಷ್ಟು ಜೀವ ಉಳಿಯಿತು!

ಅದೇ ಕಾಲದಲ್ಲಿ ನಿಕೊಲಸ್ ಗುಡ್‌ಹಾರ್ಟ್ ಎಂಬ ಇನ್ನೊಬ್ಬ ಅಧಿಕಾರಿ ಕನ್ನಡಿಯ ಉಪಾಯ ಕಂಡುಹಿಡಿದ. ಕಚೇರಿಯಲ್ಲಿದ್ದ ಹೆಂಗಸಿನ ಕೈಗನ್ನಡಿಯ ಮೇಲೆ ತುಟಿಬಣ್ಣದಿಂದ ಒಂದು ಗೆರೆ ಎಳೆದು, ಮೇಜಿನ ಮೇಲೆ ಅದರ ಪ್ರಯೋಗ ತೋರಿಸಿದನೆಂದು ಹೇಳುತ್ತಾರೆ. ಇಂದು ಕನ್ನಡಿಯ ಬದಲು ಮಸೂರ ಮತ್ತು ದೀಪಗಳಿವೆ, ತತ್ತ್ವ ಅದೇ. ಇಳಿಯುವವನ ಕಣ್ಣಿಗೆ ಒಂದು ಬೆಳಕು ಕಾಣುತ್ತದೆ. ಅದು ಅಡ್ಡಸಾಲಿನ ದೀಪಗಳಿಗಿಂತ ಮೇಲಿದ್ದರೆ ಅವನು ತೀರ ಎತ್ತರದಲ್ಲಿದ್ದಾನೆ. ಕೆಳಗಿದ್ದರೆ ತೀರ ತಗ್ಗಿನಲ್ಲಿದ್ದಾನೆ. ಸಾಲಿಗೆ ಸರಿಯಾಗಿದ್ದರೆ ದಾರಿ ಸರಿ. 2023ರ ಮೇ 24ರ ರಾತ್ರಿ ವಿಕ್ರಾಂತದ ಮೇಲೆ ಮಿಗ್-29ಕೆ ವಿಮಾನ ಮೊದಲ ಬಾರಿಗೆ ಕತ್ತಲೆಯಲ್ಲಿ ಇಳಿಯಿತು. ಕಪ್ಪು ಕಡಲು, ಕಪ್ಪು ಆಕಾಶ, ನಡುವೆ ಒಂದಿಷ್ಟು ದೀಪಗಳ ಸಾಲು: ಇಷ್ಟನ್ನೇ ನಂಬಿ ಇಳಿಯಬೇಕು.

ದೀಪವೊಂದೇ ಸಾಲದೆಂದು ಮಾವನವರು ಮತ್ತೊಂದು ಮಾತು ಹೇಳಿದರು. ಡೆಕ್ಕಿನ ಹಿಂಬದಿಯ ಎಡ ಅಂಚಿನಲ್ಲಿ, ಗಾಳಿಗೆ ಮೈಯೊಡ್ಡಿ ಒಬ್ಬ ಅಧಿಕಾರಿ ನಿಂತಿರುತ್ತಾನೆ. ಇಳಿಯುವವನನ್ನು ಕಣ್ಣೆವೆಯಿಕ್ಕದೆ ನೋಡುತ್ತ, ರೇಡಿಯೋದಲ್ಲಿ ಅವನೊಡನೆ ಮಾತಾಡುತ್ತಾನೆ: ತಗ್ಗಾಯಿತು, ಏರಿಸು, ಬಲಕ್ಕೆ ಬಾ, ಬೇಡ, ಈ ಸಲ ಬಿಡು, ಸುತ್ತಿ ಬಾ. ಹೀಗೆ ಹೇಳುವವನು ಬರಿಯ ಅಧಿಕಾರಿಯಾದರೆ ಸಾಲದು. ಅವನೂ ವೈಮಾನಿಕನೇ ಆಗಿರಬೇಕು. ಅದೇ ಡೆಕ್ಕಿನ ಮೇಲೆ ಎಷ್ಟೋ ಸಲ ತಾನೂ ಇಳಿದವನಾಗಿರಬೇಕು. "ಯಾಕೆ ಹೇಳು?" ಎಂದರು ಮಾವ. "ಇಳಿಯುವವನಿಗೆ ಆ ಹೊತ್ತಿನಲ್ಲಿ ವಾದ ಮಾಡಲಿಕ್ಕೆ ಪುರಸೊತ್ತಿಲ್ಲ. ಹೇಳುವವ ತಾನು ಇಳಿದವ ಅಂತ ಗೊತ್ತಿದ್ದರೆ ಮಾತ್ರ ಕೇಳ್ತಾನೆ." ಈ ಮಾತನ್ನು ನಾನು ವಹಿಯಲ್ಲಿ ಅಡಿಗೆರೆ ಹಾಕಿ ಬರೆದುಕೊಂಡಿದ್ದೇನೆ.

ಹಡಗಿನ ಜೀವನದ ಬಗ್ಗೆಯೂ ಬಹಳ ಕೇಳಿದೆ. ಅಲ್ಲಿ ಉಪ್ಪೇ ದೊಡ್ಡ ಶತ್ರು. ಕಡಲಗಾಳಿಯ ಉಪ್ಪು ವಿಮಾನದ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಎಮ್ಮೆಯ ಮೈ ತೊಳೆದ ಹಾಗೆ ವಿಮಾನವನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಮನುಷ್ಯರ ಸ್ನಾನಕ್ಕೆ ನೀರನ್ನು ಅಳೆದು ಬಳಸುವ ಕಡೆಯಲ್ಲಿ ವಿಮಾನಕ್ಕೆ ಮೊದಲ ಪಾಲು. ವಿಮಾನಗಳು ಮಲಗುವುದು ಡೆಕ್ಕಿನ ಕೆಳಗಿನ ದೊಡ್ಡ ಕೊಟ್ಟಿಗೆಯಲ್ಲಿ. ಲಿಫ್ಟಿನಲ್ಲಿ ಏರಿಸಿ ಇಳಿಸುತ್ತಾರೆ. ಕಡಲು ಕೆರಳಿದಾಗ ಸರಪಳಿ ಬಿಗಿದು ಕಟ್ಟಬೇಕು. ರಾತ್ರಿ ಎದ್ದು ಆ ಸರಪಳಿಗಳನ್ನು ಮುಟ್ಟಿ ಮುಟ್ಟಿ ನೋಡಿ ಬರಬೇಕು. ನಾವಿಕರು ಮಲಗುವುದು ಒಂದರ ಮೇಲೊಂದು ಕಟ್ಟಿದ ಕಿರಿದಾದ ಹಾಸಿಗೆಗಳಲ್ಲಿ. ತಲೆಯ ಮೇಲೆಯೇ ಡೆಕ್ಕು; ರಾತ್ರಿಯ ಹಾರಾಟವಿದ್ದರೆ ನಿದ್ದೆಯ ಮಾತೇ ಇಲ್ಲ. ಡೆಕ್ಕಿನ ಮೇಲೆ ಸದ್ದಿಗೆ ಮಾತು ಕೇಳಿಸದು, ಎಲ್ಲ ಕೈಸನ್ನೆಯಲ್ಲೇ. ಯಾರ ಕೆಲಸ ಯಾವುದೆಂದು ಅಂಗಿಯ ಬಣ್ಣದಿಂದ ತಿಳಿಯಬೇಕು.

ಅವರು ಹೇಳಿದ ಕೆಲಸಗಳಲ್ಲೆಲ್ಲ ನನ್ನ ಮನಸ್ಸಿಗೆ ಹಿಡಿದದ್ದು ಒಂದು. ಹಾರಾಟಕ್ಕೆ ಮೊದಲು ನಾವಿಕರು ಡೆಕ್ಕಿನ ಅಗಲಕ್ಕೆ ಸಾಲಾಗಿ ನಿಂತು, ಒಂದು ತುದಿಯಿಂದ ಇನ್ನೊಂದು ತುದಿಗೆ ತಲೆ ತಗ್ಗಿಸಿ ನಡೆಯುತ್ತಾರೆ. ನೆಲ ನೋಡುತ್ತ, ಒಂದು ನಟ್ಟು, ಒಂದು ತುಂಡು ತಂತಿ, ಒಂದು ಬಟ್ಟೆಯ ಚಿಂದಿ ಸಿಕ್ಕರೂ ಹೆಕ್ಕುತ್ತಾರೆ. ಅಂಥ ಒಂದು ಚೂರು ಎಂಜಿನ್ನಿನ ಬಾಯಿಗೆ ಹೋದರೆ ವಿಮಾನವೂ ಇಲ್ಲ, ವೈಮಾನಿಕನೂ ಇಲ್ಲ. ಮುಂಜಾನೆ ನಮ್ಮ ತಾಯಿ ಅಂಗಳ ಗುಡಿಸುವಷ್ಟೇ ಸಾಮಾನ್ಯವಾದ ಕೆಲಸ. ಹಾರಾಟದ ಹೊತ್ತಿನಲ್ಲಿ ಯಾರಾದರೂ ನೀರಿಗೆ ಬಿದ್ದರೆ ಎತ್ತಲು ಹೆಲಿಕಾಪ್ಟರ್ ಸಿದ್ಧವಿರುತ್ತದೆ. ಬಹುಕಾಲ ಆ ಕೆಲಸ ಮಾಡಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಚೇತಕ್.

ಬೆಂಗಳೂರಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಹಡಗಿನಿಂದ ಹಾರುವ ತೇಜಸ್ ವಿಮಾನವನ್ನು ರೂಪಿಸಿದ್ದು ಬೆಂಗಳೂರಿನಲ್ಲಿಯೇ. 2012ರ ಏಪ್ರಿಲ್ 27ರಂದು ಅದು ಅಲ್ಲಿ ಮೊದಲು ಹಾರಿತು. 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಳಂಕರ್ ಅವರು ಅದನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದರು. ಮರುದಿನ ಅದೇ ಡೆಕ್ಕಿನಿಂದ ಏರಿಸಿದರು. ಆ ವಿಕ್ರಮಾದಿತ್ಯದ ತಂಗುದಾಣ ನಮ್ಮ ಕಾರವಾರದ ಕದಂಬ ನೆಲೆ. ಹಾರುವ ಯಂತ್ರ ಹುಟ್ಟಿದ ಊರು, ಅದು ಇಳಿದ ಹಡಗಿನ ಮನೆ, ಎರಡೂ ಕರ್ನಾಟಕದಲ್ಲೇ ಇವೆ. ನಮ್ಮ ಹುಡುಗರಿಗೆ ಇದು ತಿಳಿದಿದೆಯೋ ಇಲ್ಲವೋ.

ಇಷ್ಟೆಲ್ಲ ಕೇಳಿದ ಮೇಲೆ ಕಡೆಯ ಪ್ರಶ್ನೆ ಉಳಿದಿತ್ತು. ಮೊದಲಿನಿಂದಲೂ ಕೇಳಬೇಕೆಂದಿದ್ದುದು ಅದೇ. ಉಳಿದವನ್ನೆಲ್ಲ ಅದಕ್ಕೆ ಪೀಠಿಕೆಯಾಗಿ ಕೇಳಿದೆನೆಂದರೂ ಸಲ್ಲುತ್ತದೆ.

"ಮಾವ, ನಾನು ನೌಕಾದಳದ ವೈಮಾನಿಕನಾಗಬಹುದೋ?"

ಮಾವ ಕೂಡಲೇ ಉತ್ತರ ಕೊಡಲಿಲ್ಲ. ಸ್ಪ್ಯಾನರನ್ನು ಅದರ ಜಾಗದಲ್ಲಿಟ್ಟರು. ಆಮೇಲೆ, "ಬಿ.ಎ. ಮೇಲೆ ಆ ಬಾಗಿಲು ಇಲ್ಲ ತಮಾ" ಎಂದರು.

ಅವರು ಹೇಳಿದ್ದು ನಿಜ. ನಾನೂ ನಿಯಮಗಳನ್ನು ಓದಿ ನೋಡಿದೆ. ನೌಕಾದಳದ ವೈಮಾನಿಕನಾಗಲು ದಾರಿಗಳು ಇವು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿ ಎನ್.ಡಿ.ಎ. ಪರೀಕ್ಷೆ ಬರೆಯಬಹುದು. ಅದೇ ವಿಷಯಗಳಲ್ಲಿ ಒಳ್ಳೆಯ ಅಂಕ ಪಡೆದವರಿಗೆ ನೌಕಾದಳದ ಬಿ.ಟೆಕ್. ಕೆಡೆಟ್ ಯೋಜನೆಯುಂಟು. ಎಂಜಿನಿಯರಿಂಗ್ ಪದವಿ ಪಡೆದ ಮೇಲೆ ನೇರವಾಗಿಯೂ ಸೇರಬಹುದು. ಸಿ.ಡಿ.ಎಸ್. ಪರೀಕ್ಷೆಯಲ್ಲಿಯೂ ನೌಕಾದಳಕ್ಕೆ ಎಂಜಿನಿಯರಿಂಗ್ ಪದವಿ ಕೇಳುತ್ತಾರೆ, ವಾಯುದಳಕ್ಕೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು. ಯಾವ ಪದವಿಯಾದರೂ ಸಾಕೆನ್ನುವುದು ಭೂಸೈನ್ಯ ಮಾತ್ರ. ನಾವಿಕನಾಗಿ ತಾಂತ್ರಿಕ ಕೆಲಸಕ್ಕೆ ಹೋಗಬೇಕೆಂದರೂ ಗಣಿತ, ಭೌತಶಾಸ್ತ್ರ ಬೇಕು.

ಅಂದರೆ ಇಪ್ಪತ್ತನೆಯ ವಯಸ್ಸಿನಲ್ಲಿ ನಾನು ತಟ್ಟಿದ ಬಾಗಿಲು ಹದಿನಾರನೆಯ ವಯಸ್ಸಿನಲ್ಲೇ ಮುಚ್ಚಿತ್ತು. ಆಗ ಅದು ಮುಚ್ಚಿದ ಸದ್ದು ಯಾರಿಗೂ ಕೇಳಿಸಲಿಲ್ಲ. ನಮ್ಮೂರಿನ ಹತ್ತಿರದ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿರಲಿಲ್ಲ. ಇದ್ದ ಕಡೆಗೆ ಎರಡು ಬಸ್ಸು ಬದಲಿಸಬೇಕಿತ್ತು. ಟ್ಯೂಷನ್ನಿನ ಮಾತು ಬೇರೆ. ಅರ್ಜಿಯಲ್ಲಿ ಕಲಾವಿಭಾಗವೆಂದು ಬರೆದಾಗ ಅದು ಒಂದು ಬಸ್ಸಿನ ಲೆಕ್ಕವೆಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ಮಾವ ಆಗ ಊರಿನಲ್ಲಿರಲಿಲ್ಲ. ಈ ಒಂದು ಗೆರೆಯಿಂದ ಮುಂದೆ ಯಾವ ಯಾವ ದಾರಿ ತಪ್ಪುತ್ತದೆ, ಯಾವುದು ಉಳಿಯುತ್ತದೆ ಎಂದು ಹೇಳಬಲ್ಲವರು ಒಬ್ಬರೂ ನಮ್ಮ ಓಣಿಯಲ್ಲಿ ಇರಲಿಲ್ಲ. ನಾನು ಓದಿದ ಇತಿಹಾಸದ ಬಗ್ಗೆ ನನಗೆ ಬೇಸರವಿಲ್ಲ. ಈಲಿ, ಡನ್ನಿಂಗರ ಕಥೆಯನ್ನು ಪ್ರೀತಿಯಿಂದ ಓದುವ ರುಚಿ ಅದರಿಂದಲೇ ಬಂದದ್ದು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಡತನವೆಂದರೆ ದುಡ್ಡಿಲ್ಲದಿರುವುದು ಎಂದು ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿದ್ದೇನೆ. ಕೇಳಲು ಮನುಷ್ಯರಿಲ್ಲದಿರುವುದೂ ಒಂದು ಬಡತನವೆಂದು ಈಗ ತೋರುತ್ತದೆ. ಮೊದಲ ಸಲ ಓದುವ ಮನೆಯ ಮಕ್ಕಳು ಕತ್ತಲೆಯಲ್ಲಿ ಇಳಿಯುವವರ ಹಾಗೆ. ತಗ್ಗಾಯಿತು, ಏರಿಸು ಎಂದು ಹೇಳಲು ಡೆಕ್ಕಿನ ಅಂಚಿನಲ್ಲಿ ನಿಂತವರು ನಮಗಿಲ್ಲ. ಅಧ್ಯಾಪಕರು ಹೇಳುತ್ತಾರೆ, ಅವರಿಗೆ ನೂರಾರು ಮಕ್ಕಳು. ತಾನು ಇದೇ ಓಣಿಯಿಂದ ಹೋಗಿ ಇದೇ ದಾರಿಯಲ್ಲಿ ಇಳಿದವನು ಹೇಳಿದರೆ ಆ ಮಾತಿನ ತೂಕವೇ ಬೇರೆ.

ನನ್ನ ತಂಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಗಣಿತದಲ್ಲಿ ನನಗಿಂತ ಚುರುಕು. ನನ್ನ ವಹಿಯನ್ನು ನಾನಿಲ್ಲದಾಗ ಓದಿ, ಒಂದು ದಿನ ಕೇಳಿದಳು: "ಅಣ್ಣ, ಹೆಣ್ಣುಮಕ್ಕಳನ್ನು ತಗೊಳ್ತಾರೋ?" ನಾನು ಗೊತ್ತಿದ್ದುದನ್ನು ಹೇಳಿದೆ. 2019ರ ಡಿಸೆಂಬರ್ 2ರಂದು ಕೊಚ್ಚಿಯಲ್ಲಿ ಶಿವಾಂಗಿ ಎಂಬುವರು ನಮ್ಮ ನೌಕಾದಳದ ಮೊದಲ ಮಹಿಳಾ ವೈಮಾನಿಕರಾದರು. ಅವರು ಹಾರಿಸಿದ್ದು ಡಾರ್ನಿಯರ್ ವಿಮಾನ. 2022ರಿಂದ ಎನ್.ಡಿ.ಎ.ಯಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದಾರೆ. ಮೊದಲ ತಂಡದ ಹದಿನೇಳು ಜನ 2025ರ ಮೇ ತಿಂಗಳಲ್ಲಿ ಹೊರಬಂದರು. ಅದೇ ವರ್ಷದ ಜುಲೈಯಲ್ಲಿ ಆಸ್ಥಾ ಪೂನಿಯಾ ಎಂಬುವರು ನೌಕಾದಳದ ಯುದ್ಧವಿಮಾನದ ವಿಭಾಗಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು. "ಆದರೆ ಪಿ.ಯು.ಸಿ.ಯಲ್ಲಿ ವಿಜ್ಞಾನ ತಗೊಳ್ಳಬೇಕು" ಎಂದೆ. "ಬಸ್ಸು?" ಎಂದಳು. ಅವಳಿಗೂ ಆ ಲೆಕ್ಕ ಗೊತ್ತಿದೆ.

ಅಂದು ಸಂಜೆ ತಂದೆಯವರೊಡನೆ ಕುಳಿತು ಮಾತಾಡಿದೆ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಪರೀಕ್ಷೆಯ ಮಾತು ಬಂದದ್ದು ಬಹುಶಃ ಅದೇ ಮೊದಲು. ಎರಡು ಬಸ್ಸಿನ ಖರ್ಚು, ಪುಸ್ತಕದ ಖರ್ಚು ಎಲ್ಲ ಲೆಕ್ಕ ಹಾಕಿದೆವು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ಅವಳು ಹಾರತಾಳೋ ಬಿಡತಾಳೋ, ಬಾಗಿಲು ಮಾತ್ರ ತೆರೆದಿರಲಿ" ಎಂದರು. ಮಾವ ತಮ್ಮ ಅಂಗಡಿಯ ಪರಿಚಯದಿಂದ ಆ ಊರಿನಲ್ಲಿ ಒಂದು ಮನೆ ನೋಡುತ್ತೇನೆಂದಿದ್ದಾರೆ. ಅವಳು ವೈಮಾನಿಕಳೇ ಆಗಬೇಕೆಂದು ನಮಗೇನೂ ಹಟವಿಲ್ಲ. ನಾಳೆ ಅವಳ ಮನಸ್ಸು ಡಾಕ್ಟರಿಕೆಗೋ ಶಾಲೆಯ ಮಾಸ್ತರಿಕೆಗೋ ತಿರುಗಬಹುದು.

ನಾನು ಈ ವರ್ಷ ಸಿ.ಡಿ.ಎಸ್. ಪರೀಕ್ಷೆಗೆ ಭೂಸೈನ್ಯದ ಆಯ್ಕೆಯಲ್ಲಿ ಅರ್ಜಿ ಹಾಕುವವನಿದ್ದೇನೆ. ಆಗದಿದ್ದರೆ ಬಿ.ಎಡ್. ಮಾಡಿ ಇತಿಹಾಸ ಕಲಿಸುತ್ತೇನೆ. ಯಾವುದಾದರೂ ಸರಿಯೇ. ಆದರೆ ಈ ಸಂಚಿಕೆಯನ್ನು ಓದುವ ಪ್ರಥಮ ವರ್ಷದ ಸ್ನೇಹಿತರಲ್ಲಿ, ಅದರಲ್ಲಿಯೂ ಮನೆಯಲ್ಲಿ ಮೊದಲು ಓದುವವರಲ್ಲಿ, ಒಂದು ವಿನಂತಿಯುಂಟು. ನಿಮ್ಮ ಓಣಿಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸುವ ಹುಡುಗ ಹುಡುಗಿಯರಿದ್ದರೆ, ಅವರು ಅರ್ಜಿ ತುಂಬುವ ಮೊದಲು ಒಂದು ಸಂಜೆ ಅವರ ಮನೆಗೆ ಹೋಗಿ ಬನ್ನಿ. ನಿಮಗೆ ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದನ್ನು ಬಲ್ಲವರ ಹೆಸರು ಹೇಳಿ. ನಮ್ಮ ಓಣಿಯಲ್ಲಿ ಈ ಬೇಸಿಗೆಯಲ್ಲಿ ಅಂಥ ಐದು ಮನೆಗಳಿವೆ. ನಾನೂ ಮಾವನೂ ಹಂಚಿಕೊಂಡಿದ್ದೇವೆ. ಮೂರು ಅವರದು, ಎರಡು ನನ್ನದು.